ಕುರುಗೋಡಿನ ಮಂಚಕ್ಕೊಂದು ಒರಗು

ಬೇವಿನೆಣ್ಣೆಯ ವಾಸನೆ ಮೂಗಿಗೆ ಬಡಿದಾಗ ನಾನು ಓಣಿಯ ನಡುವೆಯೇ ನಿಂತುಬಿಟ್ಟೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಾಗೆ ನಿಲ್ಲಲು ಜಾಗವಿಲ್ಲ. ಹಿಂದಿನಿಂದ ಆಟೊದವನು ಹಾರ್ನ್ ಹೊಡೆದ. ಪಕ್ಕದ ವೆಲ್ಡಿಂಗ್ ಅಂಗಡಿಯ ಕಿಡಿಗಳು ಚಪ್ಪಲಿಯ ಹತ್ತಿರ ಉದುರಿದವು. ಎದುರಿನ ಮರಗೆಲಸದ ಅಂಗಡಿಯಲ್ಲಿ ಮೆಹಬೂಬ್ ಸಾಬರು ಹೊಸದಾಗಿ ನಯ ಮಾಡಿದ ಹಲಗೆಗೆ ಬಟ್ಟೆಯ ಉಂಡೆಯಿಂದ ಎಣ್ಣೆ ತಿಕ್ಕುತ್ತಿದ್ದರು. ಆ ಹಲಗೆ ನಮ್ಮದೇ. ಕುರುಗೋಡಿನ ನಮ್ಮ ಚರ್ಚಿನ ಸಭೆಗೆ ಹೊಸ ಮಂಚ ಮಾಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಎಷ್ಟಾಗಿದೆ ಎಂದು ನೋಡಲು ಬಂದಿದ್ದೆ.

ಮಂಚ ಎಂದರೆ ಮನೆಯಲ್ಲಿ ಮಲಗುವ ಮಂಚವಲ್ಲ. ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯಿಂದ ಚರ್ಚಿಗೆ, ಚರ್ಚಿನಿಂದ ಸಮಾಧಿ ಭೂಮಿಗೆ ಹೊತ್ತೊಯ್ಯುವ ಮಂಚ. ಕಾಲು ಗಿಡ್ಡ, ಅಂಚಿಗೆ ಸಣ್ಣ ಪಟ್ಟಿ, ಹೆಗಲಿಗೆ ಕೂರುವಂತೆ ಎರಡು ಉದ್ದನೆಯ ತೊಲೆ. ಹುಳು ಹಿಡಿಯಬಾರದೆಂದು ವರ್ಷಕ್ಕೊಮ್ಮೆ ಬೇವಿನೆಣ್ಣೆ ಹಚ್ಚುತ್ತಾರೆ. ಸಾಬರು ಅಳತೆಯನ್ನೆಲ್ಲ ಸರಿಯಾಗಿ ಹಿಡಿದಿದ್ದರು. ಒಂದು ಮಾತು ಮಾತ್ರ ಅವರಿಗೆ ಬಗೆಹರಿದಿರಲಿಲ್ಲ.

"ಎಲ್ಲಾ ಗೊತ್ತಾತ್ರಿ ಡಾಕ್ಟ್ರೇ," ಎಂದರು. "ಇದೊಂದು ತಿಳೀವಲ್ದು. ತಲಿ ಕಡೆ ಒರಗು ಇಡು ಅಂತೀರಿ. ಸತ್ತೋರು ಒರಗಿ ಕುಂದ್ರತಾರೇನ್ರಿ?"

ನಾನು ಸ್ಟೂಲಿನ ಮೇಲೆ ಕೂತೆ. ಚಹಾ ಬಂತು. ಅವರಿಗೆ ಅಂದು ನಾನು ಹೇಳಿದ್ದು ಸ್ವಲ್ಪ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮನುಷ್ಯರ ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಸೂಜಿ ಹಾಕುವ, ಗಾಯ ಕಟ್ಟುವ, ಕಷ್ಟದ ಕರು ಎಳೆಯುವ ಕೆಲಸದವನು. ಆದರೂ ಈ ಸೀಮೆಯಲ್ಲಿ ನನ್ನನ್ನು ದನದ ಡಾಕ್ಟ್ರು ಎಂದೇ ಕರೆಯುತ್ತಾರೆ. ನಾವು ಮೈಸೂರು ಕಡೆಯವರು. ವರ್ಗವಾಗಿ ಕುರುಗೋಡಿಗೆ ಬಂದಾಗ ನಮಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಊರ ಹೊರಗೆ, ಹಳ್ಳದ ಆಚೆ, ಮೆಣಸಿನಕಾಯಿ ಹೊಲಗಳ ನಡುವೆ ಐದಾರು ಮನೆಗಳ ಒಂದು ಸಾಲು. ಅದರಲ್ಲಿ ಕೊನೆಯದು ನಾವು ಬಾಡಿಗೆಗೆ ಹಿಡಿದ ಮನೆ. ಬಾಗಿಲು ತೆರೆದರೆ ಕುರುಗೋಡಿನ ಕಲ್ಲುಗುಡ್ಡ ಎದುರಿಗೆ ನಿಲ್ಲುತ್ತಿತ್ತು. ನನ್ನ ಹೆಂಡತಿ ಕೃಪಾ ಮೊದಲ ದಿನ ಅದನ್ನು ನೋಡಿ, ಯಾರೋ ಬಂಡೆಗಳನ್ನು ಒಂದೊಂದಾಗಿ ತಂದು ಪೇರಿಸಿ, ಮನೆಗೆ ಊಟಕ್ಕೆ ಹೋದ ಹಾಗಿದೆ ಎಂದಿದ್ದಳು.

ಹಳ್ಳದ ಈಚೆ, ಊರಿನ ದಡದಲ್ಲಿ ಸಣ್ಣ ಚರ್ಚು ಇತ್ತು. ಹೆಂಚಿನ ಮಾಡು, ಸುಣ್ಣದ ಗೋಡೆ, ಮುಂದೆ ಬೇವಿನ ಮರ, ಮರದ ಪಕ್ಕದಲ್ಲಿ ಕಲ್ಲಿನ ಕಂಬಗಳ ನಡುವೆ ತೂಗುಹಾಕಿದ ಗಂಟೆ. ಸಿರುಗುಪ್ಪದಲ್ಲಿ ವಾಸವಿದ್ದ ಒಬ್ಬರೇ ಅಯ್ಯನವರು, ಅಂದರೆ ಪಾದ್ರಿ, ಎರಡೂ ಊರಿನ ಸಭೆಗಳನ್ನು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಅಲ್ಲಿ ಆರಾಧನೆ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಬೈಕಿನಲ್ಲಿ ಕುರುಗೋಡಿಗೆ ಬರುತ್ತಿದ್ದರು. ನಾವು ಆ ಚರ್ಚಿನ ಸದಸ್ಯರಾಗಲು ಹೆಸರು ಕೊಡಲಿಲ್ಲ.

ಅದಕ್ಕೆ ಕಾರಣವಿತ್ತು. ಹಿಂದಿನ ಊರಿನಲ್ಲಿ ನಮ್ಮ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅಲ್ಲಿನ ಚರ್ಚು ದೊಡ್ಡದು. ನಾವು ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಕೂಡಲೇ ಎದ್ದು ಬರುತ್ತಿದ್ದೆವು. ನಮ್ಮನ್ನು ಯಾರೂ ಬಲ್ಲವರಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಕೃಪಾ ಆಸ್ಪತ್ರೆಯಲ್ಲಿದ್ದಳು. ನಾನು ಟವೆಲಿನಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು, ಕೂಲಿಗೆ ಬಂದ ಇಬ್ಬರೊಡನೆ ಹೋಗಿ ಮಣ್ಣು ಮಾಡಿದೆ. ಆ ಇಬ್ಬರೂ ಕೆಲಸ ಮುಗಿಸಿ ಕೈ ತೊಳೆದುಕೊಂಡು ಹೋದರು. ಗಂಟೆ ಹೊಡೆಯಲಿಲ್ಲ. ಹೊಡೆಯಿರಿ ಎಂದು ಯಾರಿಗೆ ಹೇಳಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ. ಆಮೇಲೆ ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳದೆಯೇ ಒಂದು ತೀರ್ಮಾನಕ್ಕೆ ಬಂದಿದ್ದೆವು. ದೇವರು ಸಾಕು, ಜನ ಬೇಡ. ಕುರುಗೋಡಿನಲ್ಲಿ ಭಾನುವಾರ ಬೆಳಿಗ್ಗೆ ಫೋನನ್ನು ನೀರಿನ ಕೊಡಕ್ಕೆ ಆನಿಸಿ ಇಡುತ್ತಿದ್ದೆವು. ಯಾವುದೋ ದೊಡ್ಡ ನಗರದ ಆರಾಧನೆ ಅದರಲ್ಲಿ ನಡೆಯುತ್ತಿತ್ತು. ಕೃಪಾ ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದಳು.

ಇದನ್ನು ಸಹಿಸದವರು ಪಕ್ಕದ ಮನೆಯ ಕರುಣಮ್ಮ. ಅರವತ್ತು ದಾಟಿದ ವಿಧವೆ, ಮೆಣಸಿನಕಾಯಿ ಬಿಡಿಸುವ ಕೂಲಿ, ಮಗ ಸ್ಯಾಮುವೇಲ ಆಟೊ ಓಡಿಸುತ್ತಿದ್ದ. ಆಕೆ ನಮ್ಮ ಜಗಲಿಯ ಮೇಲೆ ಕೂತು ಫೋನನ್ನು ಓರೆಗಣ್ಣಿನಿಂದ ನೋಡಿ ಒಮ್ಮೆ ಕೇಳಿದರು: "ಇದರಾಗಿನ ಅಯ್ಯನೋರು ನಿಮ್ಮ ಹೆಸರು ಹಿಡದು ಪ್ರಾರ್ಥನಿ ಮಾಡ್ತಾರೇನ್ರಿ?" ಕೃಪಾ ನಕ್ಕಳು. ನಾನು, ನಮ್ಮ ಹೆಸರು ದೇವರಿಗೆ ಗೊತ್ತಿದೆಯಲ್ಲ ಎಂದೆ. "ದೇವ್ರಿಗೆ ಗೊತ್ತೈತಿ, ಬಿಡ್ರಿ," ಎಂದರು ಕರುಣಮ್ಮ. "ನಮ್ಗೂ ಗೊತ್ತಿರಲಿ ಅಂತ ಕೇಳಿದೆ." ಮತ್ತೆ ಕರೆಯಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಚರ್ಚಿನಿಂದ ಹಿಂದಿರುಗುವಾಗ ನಮ್ಮ ಬಾಗಿಲ ಮುಂದೆ ನಿಂತು, ಕೃಪಾಳ ಮುಖ ನೋಡಿಕೊಂಡೇ ಮನೆಗೆ ಹೋಗುತ್ತಿದ್ದರು.

ಆ ವರ್ಷ ಕೃಪಾ ಮತ್ತೆ ಬಸುರಿಯಾದಳು. ಬಳ್ಳಾರಿಯ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ, ಮಾಸು ಕೆಳಗೆ ಬಂದು ಕೂತಿದೆ, ಹೆರಿಗೆಗೆ ಮೊದಲೇ ಬಂದು ಆಸ್ಪತ್ರೆ ಸೇರಬೇಕು, ನಡುವೆ ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ ಎಂದಿದ್ದರು. ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹಸುಗಳಲ್ಲಿ ನಾನು ರಕ್ತ ಹೋಗುವುದನ್ನು ನೋಡಿದವನು. ಕೃಪಾಳ ರಕ್ತದ ಗುಂಪು ಅಪರೂಪದ್ದು, ಬಿ ನೆಗೆಟಿವ್. ಮುಂದಿನ ವಾರ ಬಳ್ಳಾರಿಗೆ ಹೋಗಿ ಇರುವುದೆಂದು ಬಟ್ಟೆ ಕಟ್ಟಿಟ್ಟಿದ್ದೆವು.

ಆಗ ಮಳೆ ಹಿಡಿಯಿತು. ಬಳ್ಳಾರಿ ಸೀಮೆಯಲ್ಲಿ ಮಳೆ ಎಂದರೆ ಬಂದು ಹೋಗುವ ನೆಂಟ. ಆ ಸಲ ಅದು ಹಾಸಿಗೆ ಬಿಚ್ಚಿ ಉಳಿದುಕೊಂಡಿತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಎತ್ತಲಾಗದಷ್ಟು ಭಾರವಾಯಿತು. ಹತ್ತಿಯ ಗಿಡಗಳು ತಲೆಬಾಗಿ ನೀರಿನಲ್ಲಿ ನಿಂತವು. ಹಳ್ಳಕ್ಕೆ ಇದ್ದದ್ದು ನೆಲಮಟ್ಟದ ಒಂದು ಸೇತುವೆ. ಅದರ ಮೇಲೆ ಮೊದಲು ಪಾದ ಮುಳುಗುವಷ್ಟು ನೀರು, ಮರುದಿನ ಮೊಣಕಾಲಿನವರೆಗೆ.

ಬೆಳಕು ಹರಿಯುವ ಹೊತ್ತಿಗೆ ಕೃಪಾ ನನ್ನ ಹೆಸರು ಹಿಡಿದು ಕರೆದಳು. ಧ್ವನಿ ಶಾಂತವಾಗಿತ್ತು, ಅದಕ್ಕೇ ನಾನು ಹೆದರಿದೆ. ಹಾಸಿಗೆ ಕೆಂಪಾಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಬರುತ್ತೇವೆ, ಆದರೆ ಹಳ್ಳ ದಾಟಲಾಗದು, ಅತ್ತ ದಡದಲ್ಲಿ ನಿಲ್ಲುತ್ತೇವೆ ಎಂದರು. ನೆಟ್ಟಗೆ ಮಲಗಿಸಿಯೇ ತನ್ನಿ, ಕೂರಿಸಬೇಡಿ, ಕುಲುಕಿಸಬೇಡಿ ಎಂದು ಅದರಲ್ಲಿದ್ದ ನರ್ಸು ಹೇಳಿದಳು. ಸ್ಯಾಮುವೇಲನ ಆಟೊ ಆ ನೀರಿಗೆ ಇಳಿಯುವಂತಿರಲಿಲ್ಲ. ಸಾಲಿನಲ್ಲಿದ್ದ ಟ್ರ್ಯಾಕ್ಟರಿನಲ್ಲಿ ಕೂರಿಸಿದರೆ ಕುಲುಕು ತಪ್ಪುವುದಿಲ್ಲ. ನಮ್ಮ ಮನೆಯ ಮಂಚ ಕಬ್ಬಿಣದ್ದು, ಬಾಗಿಲಲ್ಲೇ ತೂರುತ್ತಿರಲಿಲ್ಲ.

ಕರುಣಮ್ಮ ಒಳಗೆ ಬಂದು ಹಾಸಿಗೆ ನೋಡಿದರು. ಹೊರಗೆ ಹೋಗಿ ಮಗನಿಗೆ ಅಂದರು: "ಲೇ ಸ್ಯಾಮು, ಗುಡಿ ಹಿಂದಿನ ಮಂಚ ತಗೊಂಬಾ. ಓಡು."

ಅವನು ಒಂದು ಕ್ಷಣ ತಾಯಿಯ ಮುಖ ನೋಡಿದ. ಅಲ್ಲಿಯವರು ಚರ್ಚಿಗೆ ಗುಡಿ ಎಂದೇ ಹೇಳುವುದು. ಗುಡಿಯ ಹಿಂದಿನ ಕೊಟ್ಟಿಗೆಯಲ್ಲಿ ಯಾವ ಮಂಚ ಇದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಲಿನ ಇನ್ನೊಂದು ಮನೆಯ ಇಬ್ಬರನ್ನು ಕರೆದುಕೊಂಡು ಅವನು ನೀರಿಗಿಳಿದ.

ಇಲ್ಲಿ ಎರಡು ರೂಢಿಗಳ ಬಗ್ಗೆ ಹೇಳಬೇಕು. ಕುರುಗೋಡಿನ ಸಭೆಯಲ್ಲಿ ಆ ಮಂಚವನ್ನು ಒಯ್ಯಲು ಬಂದವರನ್ನು ಯಾರೂ ಮಾತಾಡಿಸುವುದಿಲ್ಲ. ಯಾರು, ಏನು, ಯಾವಾಗ ಎಂದು ಕೇಳುವುದಿಲ್ಲ. ದುಃಖದ ಮನೆಯವರ ಬಾಯಿಂದ ಆ ಮಾತು ಹೊರಡಿಸಬಾರದು ಎಂದು. ಕೊಟ್ಟಿಗೆಯಲ್ಲಿ ಮಂಚದ ಜಾಗ ಖಾಲಿಯಾಯಿತೆಂದರೆ ಅದೇ ಸುದ್ದಿ. ಎರಡನೆಯದು ಗಂಟೆ. ಭಾನುವಾರದ್ದು ಒಂದರ ಬೆನ್ನಿಗೊಂದು ಓಡುವ ಸದ್ದು. ಸಾವಿನದ್ದು ಹಾಗಲ್ಲ. ಒಂದು ಪೆಟ್ಟು, ಅದರ ನಾದ ಗುಡ್ಡಕ್ಕೆ ಹೋಗಿ ಪೂರ್ತಿ ಅಡಗಬೇಕು, ಆಮೇಲೆ ಇನ್ನೊಂದು. ಗಂಟೆ ಹೊಡೆಯುತ್ತಿದ್ದವರು ಯೋಸೇಫಪ್ಪ. ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತು ಬೆನ್ನು ಬಾಗಿದ ಮುದುಕ, ಚರ್ಚಿನ ಪಕ್ಕದಲ್ಲೇ ಮನೆ. ಅಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದರು: ಮಳೆಯಲ್ಲಿ ಮಂಚ ಹೊತ್ತ ಮೂವರು ಹಳ್ಳದ ಕಡೆ, ದನದ ಡಾಕ್ಟ್ರ ಮನೆಯ ಕಡೆ ಓಡುತ್ತಿದ್ದಾರೆ. ರೂಢಿಯಂತೆ ಅವರು ಕೇಳಲಿಲ್ಲ. ರೂಢಿಯಂತೆ ಇವರು ಹೇಳಲಿಲ್ಲ.

ಕೃಪಾಳನ್ನು ಕಂಬಳಿಯಲ್ಲಿ ಸುತ್ತಿ ಮಂಚದ ಮೇಲೆ ಮಲಗಿಸಿದೆವು. ಬೇವಿನೆಣ್ಣೆಯ ವಾಸನೆ ಒದ್ದೆ ಮರದಿಂದ ಎದ್ದು ಬಂತು. ಮುಂದೆ ನಾನು ಮತ್ತು ಸ್ಯಾಮುವೇಲ, ಹಿಂದೆ ಆ ಇಬ್ಬರು. ಕರುಣಮ್ಮ ಪಕ್ಕದಲ್ಲಿ ಯೂರಿಯಾ ಚೀಲವನ್ನು ಕೃಪಾಳ ಮೇಲೆ ಹಿಡಿದುಕೊಂಡು ಬಂದರು. ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಒಂದು ತೊಂದರೆ ಎದುರಾಯಿತು. ಆ ಮಂಚ ಸತ್ತವರಿಗೆ ಮಾಡಿದ್ದು, ಹಲಗೆಯಂತೆ ಮಟ್ಟ. ಸತ್ತವರ ತಲೆ ಹೊರಳಿದರೆ ಅವರಿಗೆ ನೋವಿಲ್ಲ. ಕೃಪಾಳ ತಲೆಗೆ ಆಸರೆಯೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಅತ್ತ ಇತ್ತ ಬಡಿಯುತ್ತಿತ್ತು. ಕರುಣಮ್ಮ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಮ್ಮ ಬಲಗೈಯನ್ನು ಉದ್ದಕ್ಕೆ ಚಾಚಿ ಅವಳ ಕತ್ತಿನ ಕೆಳಗೆ ಇಟ್ಟರು. ಹಾಗೆಯೇ, ಮೈ ನಿಮಿರಿಸಿ, ಅಡ್ಡಡ್ಡವಾಗಿ ಹೆಜ್ಜೆ ಹಾಕುತ್ತ ನೀರಿಗಿಳಿದರು.

ನಾವು ಹಳ್ಳದ ನಡುವೆ ಇದ್ದಾಗ ಗಂಟೆ ಕೇಳಿಸಿತು.

ಒಂದು ಪೆಟ್ಟು. ನೀರಿನ ಸದ್ದಿನ ಮೇಲೆ ಅದು ತೇಲಿ ಗುಡ್ಡದ ಕಡೆ ಹೋಯಿತು. ನಾದ ಅಡಗಿತು. ಇನ್ನೊಂದು ಪೆಟ್ಟು. ನನ್ನ ಪಕ್ಕದಲ್ಲಿದ್ದ ಸ್ಯಾಮುವೇಲನ ಕಾಲು ಅಲ್ಲೇ ನಿಂತಿತು. ಅದು ಯಾರಿಗೆಂದು ಅವನಿಗೆ ಅರ್ಥವಾಗಿತ್ತು. ನನಗೂ ಅರ್ಥವಾಯಿತು. ಯಾರೂ ಕೃಪಾಳ ಮುಖ ನೋಡಲಿಲ್ಲ.

ಮಂಚದ ಮೇಲಿಂದ ಕೃಪಾ ಕೇಳಿದಳು: "ಯಾರು ಹೋದ್ರಂತೆ?"

ಬಾಯಲ್ಲಿದ್ದ ಚೀಲ ಬಿಟ್ಟು ಕರುಣಮ್ಮ ಅಂದರು: "ಯಾರೋ ಒಬ್ರು. ನೀ ಸುಮ್ನ ಮಲಕ್ಕೋವಾ."

"ಪಾಪ," ಎಂದಳು ಕೃಪಾ. "ಈ ಮಳೇಲಿ ಹೇಗೆ ಮಣ್ಣು ಮಾಡ್ತಾರೋ."

ಸ್ಯಾಮುವೇಲನ ಹೆಗಲು ನಡುಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಅವನು ನಗುತ್ತಿದ್ದ, ಅಳುತ್ತಲೂ ಇದ್ದ. ಗಂಟೆ ಹೊಡೆಯುತ್ತಲೇ ಇತ್ತು. ಆ ಸದ್ದಿನ ಕೆಳಗೆ ನಾವು ಅವಳನ್ನು ಜೀವಂತವಾಗಿ ದಾಟಿಸಿದೆವು. ಈಗ ಯೋಚಿಸಿದರೆ ನನಗೆ ಹೊಳೆಯುವುದು ಇದು: ಒಂದು ಪೆಟ್ಟಿಗೆ ಒಂದು ಹೆಜ್ಜೆ ಎಂಬಂತೆ ನಮ್ಮ ನಾಲ್ವರ ಕಾಲು ಅದರಿಂದಲೇ ಒಂದಾಗಿ ಬಿದ್ದಿತ್ತು. ಮಂಚ ಕುಲುಕಲಿಲ್ಲ.

ಆಂಬುಲೆನ್ಸಿನಲ್ಲಿ ಕೃಪಾಳ ಜೊತೆ ಕರುಣಮ್ಮ, ನಾನು, ಸ್ಯಾಮುವೇಲ ಹತ್ತಿದೆವು. ನನ್ನ ಫೋನು ಹಳ್ಳದ ಪಾಲಾಗಿತ್ತು. ಸ್ಯಾಮುವೇಲನದು ಮನೆಯಲ್ಲಿತ್ತು. ಬೇರೆಯವರ ಫೋನಿನಿಂದ ಮಾಡಲು ಯಾರ ನಂಬರೂ ನೆನಪಿರಲಿಲ್ಲ. ಗಂಟೆ ಸುಳ್ಳು ಎಂದು ಯಾರಿಗೂ ಹೇಳುವ ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅದು ಸುಳ್ಳಾಗಿಯೇ ಉಳಿಯುತ್ತದೆ ಎಂಬ ಧೈರ್ಯ ಆ ಹೊತ್ತಿಗೆ ನನಗೂ ಇರಲಿಲ್ಲ. ಕೃಪಾ ಮಾತು ನಿಲ್ಲಿಸಿದ್ದಳು. ಕರುಣಮ್ಮನ ಕೈ ಇನ್ನೂ ಅವಳ ಕತ್ತಿನ ಕೆಳಗೇ ಇತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಉದ್ದನೆಯ ಕಾರಿಡಾರು, ಗೋಡೆಗೆ ಹಸಿರು ಬಣ್ಣ, ಒಂದು ಬೆಂಚು. ಹಿಂದಿನ ಊರಿನಲ್ಲೂ ಇಂಥದೇ ಕಾರಿಡಾರಿನಲ್ಲಿ ನಾನು ಕೂತಿದ್ದೆ. ಬಾಗಿಲು ತೆರೆದಾಗ ಟವೆಲಿನಲ್ಲಿ ಸುತ್ತಿದ್ದನ್ನು ನನ್ನ ಕೈಗೆ ಕೊಟ್ಟಿದ್ದರು. ಈಗಲೂ ನನ್ನ ಎರಡು ಕೈಗಳು ತಾವಾಗಿಯೇ ತೊಡೆಯ ಮೇಲೆ ಅಂಗಾತ ತೆರೆದುಕೊಂಡಿದ್ದವು. ಕರುಣಮ್ಮ ಅದನ್ನು ನೋಡಿ, ಎರಡನ್ನೂ ಮಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಅತ್ತ ಕುರುಗೋಡಿನಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಗಂಟೆ ಕೇಳಿ ಹೆಂಗಸರು ಬಿಳಿ ಸೀರೆ ಉಟ್ಟರು. ಗಂಡಸರು ಗುದ್ದಲಿ, ಸಲಿಕೆ ಹಿಡಿದು ಸಮಾಧಿ ಭೂಮಿಗೆ ಹೋಗಿ ಒದ್ದೆ ಮಣ್ಣಿನಲ್ಲಿ ಅಗೆಯಲು ಶುರುಮಾಡಿದರು. ಸಿರುಗುಪ್ಪಕ್ಕೆ ಫೋನ್ ಹೋಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅಲ್ಲಿಯವರು ಅನ್ನ, ಸಾರು ಮಾಡಿ ಪಾತ್ರೆಗೆ ಬಟ್ಟೆ ಕಟ್ಟಿ ಅಯ್ಯನವರ ಜೊತೆ ಟೆಂಪೊ ಹತ್ತಿದರು. ಇಷ್ಟೆಲ್ಲ ಆದ ಮೇಲೆ ಮಂಚ ಹೊತ್ತ ಆ ಇಬ್ಬರು, ನಾಲ್ವರು ಹೊರುವುದನ್ನು ಕಾಲು ಹೂಳುವ ಎರೆಮಣ್ಣಿನಲ್ಲಿ ಇಳಿಸುತ್ತ ಎತ್ತುತ್ತ, ಹಳ್ಳದ ದಡದಿಂದ ಖಾಲಿ ಮಂಚ ಹಿಡಿದು ಗುಡಿಗೆ ಬಂದರು. ಸಮಾಧಿ ಭೂಮಿಗೆ ಹೋಗದೆಯೇ ಮಂಚ ಖಾಲಿಯಾಗಿ ಹಿಂದಕ್ಕೆ ಬಂದದ್ದನ್ನು ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಯೋಸೇಫಪ್ಪ ಹಗ್ಗ ಬಿಟ್ಟು ನೆಲದ ಮೇಲೆ ಕೂತುಬಿಟ್ಟರಂತೆ.

ಸತ್ತಿಲ್ಲ ಎಂದು ತಿಳಿದ ಮೇಲೆ ಜನ ಮನೆಗೆ ಹೋಗಬಹುದಿತ್ತು. ನಾವು ಅವರ ಸಭೆಗೆ ಹೆಸರು ಕೊಟ್ಟವರಲ್ಲ. ಆದರೆ ಅವರು ಗುದ್ದಲಿಗಳನ್ನು ಬೇವಿನ ಮರಕ್ಕೆ ಒರಗಿಸಿ, ಕೈ ಕೂಡ ಸರಿಯಾಗಿ ತೊಳೆಯದೆ ಬಳ್ಳಾರಿಯ ಗಾಡಿ ಹಿಡಿದರು. ಸಿರುಗುಪ್ಪದ ಟೆಂಪೊ ದಾರಿಯಲ್ಲೇ ಸುದ್ದಿ ತಿಳಿದು ನೇರ ಆಸ್ಪತ್ರೆಗೆ ತಿರುಗಿತು.

ನಾನು ತಲೆ ತಗ್ಗಿಸಿ ಕೂತಿದ್ದೆ. ಮೆಟ್ಟಿಲ ಮೇಲೆ ಬಹಳ ಕಾಲುಗಳ ಸದ್ದಾಯಿತು. ತಲೆಯೆತ್ತಿದರೆ ಕಾರಿಡಾರಿನ ಆ ತುದಿಯಿಂದ ಬಿಳಿ ಸೀರೆಗಳು ಬರುತ್ತಿದ್ದವು. ಹಿಂದೆ ಮೊಣಕೈವರೆಗೆ ಎರೆಮಣ್ಣು ಮೆತ್ತಿದ ಗಂಡಸರು. ಯಾರದೋ ಕೈಯಲ್ಲಿ ಅನ್ನದ ಪಾತ್ರೆ. ಒಬ್ಬ ಪ್ಲಾಸ್ಟಿಕ್ ಚೀಲದಲ್ಲಿದ್ದ ಹೂವಿನ ಹಾರವನ್ನು ನನ್ನ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ಸರಿಸಿದ. ಬಂದವರು ನನ್ನನ್ನು ಏನೂ ಕೇಳಲಿಲ್ಲ. ಗೋಡೆಗುಂಟ ಕೂತರು. ಕೂತದ್ದೇ, ಮೆಲ್ಲನೆ, ಒಬ್ಬೊಬ್ಬರಾಗಿ ಪ್ರಾರ್ಥನೆಗೆ ತೊಡಗಿದರು. ಕೃಪಾ ಎಂಬ ಹೆಸರು ನನಗೆ ಗೊತ್ತಿಲ್ಲದ ಎಷ್ಟೋ ಬಾಯಿಗಳಿಂದ ಕೇಳಿಸಿತು.

ಡಾಕ್ಟರಮ್ಮ ಬಾಗಿಲು ತೆರೆದು ಹೊರಗೆ ಬಂದವರು ಬಿಳಿ ಸೀರೆಗಳನ್ನು ನೋಡಿ ಗಾಬರಿಯಾದರು. ಯಾರು ತೀರಿಕೊಂಡಿದ್ದಾರೆ, ಇಲ್ಲಿ ಯಾರೂ ಇಲ್ಲವಲ್ಲ ಎಂದರು.

"ಯಾರೂ ಇಲ್ರಿ ಮೇಡಂ," ಎಂದರು ಕರುಣಮ್ಮ. "ತೀರಿಕೊಂಡಾರ ಅಂತ ಬಂದಿದ್ರು. ಈಗ ತೀರಿಕೊಳ್ಳಬಾರ್ದು ಅಂತ ಕುಂತಾರ."

ಡಾಕ್ಟರಮ್ಮ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಈಗಲೇ ಆಪರೇಷನ್ ಮಾಡಬೇಕು. ರಕ್ತ ಬಹಳ ಹೋಗಿದೆ. ಆ ಗುಂಪಿನದು ಬ್ಲಡ್ ಬ್ಯಾಂಕಿನಲ್ಲಿ ಇದ್ದಷ್ಟನ್ನೂ ತರಿಸಿದ್ದೇವೆ, ಅದು ಸಾಲುವುದಿಲ್ಲ. ನಿಮ್ಮ ಕಡೆಯವರು ಯಾರಾದರೂ ಇದ್ದಾರೆಯೇ?

ನಿಮ್ಮ ಕಡೆಯವರು ಎಂಬ ಮಾತಿಗೆ ನನ್ನ ಬಾಯಿಂದ ಅಭ್ಯಾಸದಂತೆ ಇಲ್ಲ ಎಂಬುದು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಗೋಡೆಗುಂಟ ಕೂತವರೆಲ್ಲ ಎದ್ದು ನಿಂತಿದ್ದರು. ಮಣ್ಣುಗೈಯ ಒಬ್ಬ ಮುಂದೆ ಬಂದು ಅಂದ: "ಗುಂಡಿ ತಗಿಯಾಕ ಹೊಂಟಿದ್ವಿರಿ ನಾವು. ಎಲ್ಲಿ ಬರ್ಬೇಕು ಹೇಳ್ರಿ."

ಬ್ಲಡ್ ಬ್ಯಾಂಕಿನ ಬಾಗಿಲಲ್ಲಿ ಸಾಲು ನಿಂತಿತು. ಸಮಾಧಿಯ ಮಣ್ಣನ್ನು ನಲ್ಲಿಯಲ್ಲಿ ತೊಳೆದುಕೊಂಡ ತೋಳುಗಳು ಒಂದೊಂದಾಗಿ ಮುಂದೆ ಚಾಚಿದವು. ಯೋಸೇಫಪ್ಪನೂ ತೋಳು ಮಡಿಸಿ ನಿಂತಿದ್ದರು. ವಯಸ್ಸಾಗಿದೆ ಎಂದು ಅವರನ್ನು ಹಿಂದಕ್ಕೆ ಕಳಿಸಿದಾಗ, ಕೂತು ಮುಖ ಮುಚ್ಚಿಕೊಂಡರು. "ಇದ್ದಾಕಿಗೆ ಸಾವಿನ ಗಂಟಿ ಹೊಡದೆ," ಎಂದು ಮತ್ತೆ ಮತ್ತೆ ಅಂದರು. ಕರುಣಮ್ಮ ಗದರಿದರು: "ಸಾಕು ಮಾಡೋ ಮಾರಾಯ. ನೀ ಹೊಡೀದಿದ್ರ ಇವರೆಲ್ಲ ಈ ಮಳ್ಯಾಗ ಮನ್ಯಾಗ ಕುಂತಿರ್ತಿದ್ರು."

ಅಷ್ಟು ಜನರಲ್ಲಿ ಕೃಪಾಳ ಗುಂಪಿನ ರಕ್ತ ಇದ್ದದ್ದು ಇಬ್ಬರಲ್ಲಿ. ಒಬ್ಬ ಆ ಮಣ್ಣುಗೈಯವನು. ಇನ್ನೊಬ್ಬರು ಸಿರುಗುಪ್ಪದ ರೂತಮ್ಮ, ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು. ರಕ್ತ ಕೊಟ್ಟು ಬಂದು ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ, ನಮ್ಮನ್ನು ನೀವು ಎಂದೂ ನೋಡಿಲ್ಲವಲ್ಲ ಎಂದೆ.

"ನೋಡಿಲ್ಲ," ಎಂದರು. "ಹೆಸರು ಕೇಳೀವ್ರಿ. ದನದ ಡಾಕ್ಟ್ರ ಹೆಂಡ್ತಿ ಕೃಪಾ, ಹೊಟ್ಟಿಲೆ ಅದಾಳ, ಮದ್ಲೊಂದು ಕೂಸು ಹೋಗೈತಿ ಅಂತ ಕರುಣಮ್ಮ ವಾರಾವಾರಾ ಹೇಳಿ ಕಳಸ್ತಿದ್ಲು. ಎರಡೂ ಊರಾಗ ಎದ್ದು ನಿಂತು ಪ್ರಾರ್ಥನಿ ಮಾಡ್ತಿದ್ವಿ. ಮತ್ತ ನೀವು ನಮ್ಮೋರಲ್ಲೇನ್ರಿ?"

ಮೊದಲ ಮಗುವಿನ ವಿಷಯ ಕೃಪಾ ಕರುಣಮ್ಮನಿಗೆ ಯಾವಾಗ ಹೇಳಿದಳೋ ನನಗೆ ಗೊತ್ತಿರಲಿಲ್ಲ. ನೀರಿನ ಕೊಡಕ್ಕೆ ಆನಿಸಿದ ಫೋನಿನ ಮುಂದೆ ನಾವು ಕೂತಿದ್ದ ಅವೇ ಭಾನುವಾರಗಳಲ್ಲಿ, ಎರಡು ಊರಿನ ಜನ ನಮ್ಮ ಹೆಸರು ಹಿಡಿದು ಎದ್ದು ನಿಲ್ಲುತ್ತಿದ್ದರು. ಯೋಸೇಫಪ್ಪ ಯಾಕೆ ಗಂಟೆ ಹೊಡೆದರೆಂಬುದು ನನಗೆ ಆಗ ತಿಳಿಯಿತು. ಹೆಸರು ಕೊಡದವರಿಗೆ ಹೊಡೆಯಬಹುದೇ ಎಂಬ ಅನುಮಾನವೇ ಅವರಿಗೆ ಬಂದಿರಲಿಲ್ಲ.

ಮಧ್ಯಾಹ್ನ ಬಾಗಿಲು ತೆರೆಯಿತು. ನರ್ಸಿನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ್ದು ಏನೋ ಇತ್ತು. ನಾನು ಏಳಲಿಲ್ಲ. ಕರುಣಮ್ಮ ಎದ್ದು ಹೋಗಿ ತೆಗೆದುಕೊಂಡರು. ಅಷ್ಟರಲ್ಲಿ ಆ ಟವೆಲು ಅತ್ತಿತು. ಸಣ್ಣ, ಸಿಟ್ಟಿನ, ಎಲ್ಲರಿಗೂ ಕೇಳುವ ಅಳು. ಬಿಳಿ ಸೀರೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಕೃಪಾಳಿಗೆ ರಕ್ತ ಏರುತ್ತಿದೆ, ಕೈಗೆ ಸಿಕ್ಕಿದ್ದಾಳೆ ಎಂದು ಡಾಕ್ಟರಮ್ಮ ಬಂದು ಹೇಳಿದ ಮೇಲೆ, ಅಯ್ಯನವರು ಬರೀ ಆಮೆನ್ ಎಂದರು. ಇಡೀ ಕಾರಿಡಾರು ಆಮೆನ್ ಎಂದಿತು. ಸಾವಿನ ಮನೆಗೆಂದು ತಂದ ಅನ್ನವನ್ನು ಆಸ್ಪತ್ರೆಯ ಅಂಗಳದಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲರೂ ಉಂಡೆವು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅಳುತ್ತ ಮಾಡಿದ ಅಡುಗೆ, ಹಾಗೇ ಇರುತ್ತದೆ ಎಂದು ರೂತಮ್ಮ ನಕ್ಕರು. 

ಮಗುವಿಗೆ ರೂತ್ ಎಂದೇ ಹೆಸರಿಡಬೇಕೆಂದು ಕೃಪಾ ಹಟ ಹಿಡಿದಳು. ರೂತಮ್ಮ ಒಪ್ಪಲಿಲ್ಲ. "ನನ್ನ ಹೆಸರು ಬ್ಯಾಡ. ಅದರ ತುಂಬ ಮಿಲ್ಲಿನ ಧೂಳು ಐತಿ," ಎಂದರು. ಕೊನೆಗೆ ಜ್ಯೋತಿ ಎಂದಾಯಿತು.

ಇನ್ನೊಂದು ವಿಷಯ ಬಾಕಿ ಉಳಿದಿತ್ತು. ಅರ್ಧ ತೋಡಿದ ಗುಂಡಿಯನ್ನು ಗಂಡಸರು ಮುಚ್ಚಿ ಮೇಲೊಂದು ಹೊಂಗೆ ಸಸಿ ನೆಟ್ಟಿದ್ದರು. ಆದರೆ ಹೊಡೆದ ಗಂಟೆಯನ್ನು ಏನು ಮಾಡುವುದು? ಅದು ಯೋಸೇಫಪ್ಪನನ್ನು ಕೊರೆಯುತ್ತಿತ್ತು. ಮಳೆ ನಿಂತು, ಮೆಣಸಿನಕಾಯಿ ಕೆಂಪಾಗುವ ಹೊತ್ತಿಗೆ ಕೃಪಾ ಮಗುವನ್ನು ಎತ್ತಿಕೊಂಡು ಮೊದಲ ಸಲ ಗುಡಿಗೆ ಬಂದಳು. ಯೋಸೇಫಪ್ಪ ಹಗ್ಗದ ಹತ್ತಿರ ನಿಂತವರು ಅವಳನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಕೃಪಾ ಮಗುವನ್ನು ಕರುಣಮ್ಮನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಗ್ಗ ಹಿಡಿದು ಎಳೆದಳು. ಒಂದರ ಬೆನ್ನಿಗೊಂದು, ಉಸಿರು ಬಿಡಲೂ ಜಾಗವಿಲ್ಲದಂತೆ, ಗುಡ್ಡ ಒಂದನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಇನ್ನೊಂದು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಆ ದಿನ ನಮ್ಮ ಹೆಸರನ್ನು ಯಾರೂ ಕೇಳಲಿಲ್ಲ, ನಾವೂ ಕೊಡಲಿಲ್ಲ. ಕೊಟ್ಟಾಗಿತ್ತು.

ಇದೆಲ್ಲ ಆಗಿ ವರ್ಷಗಳಾದವು. ನನಗೆ ಬಳ್ಳಾರಿ ಹತ್ತಿರದ ಮೋಕಕ್ಕೆ ವರ್ಗವಾಯಿತು. ಮನೆ ಈಗ ಬಳ್ಳಾರಿಯಲ್ಲಿದೆ, ನಡೆದು ಹೋಗುವಷ್ಟು ದೂರದಲ್ಲೇ ಚರ್ಚುಗಳಿವೆ. ಆದರೂ ಭಾನುವಾರ ಬಸ್ಸು ಹಿಡಿದು ಕುರುಗೋಡಿಗೇ ಹೋಗುತ್ತೇವೆ. ಯೋಸೇಫಪ್ಪನ ಕಾಲು ಸೋತ ಮೇಲೆ ಗಂಟೆ ಹೊಡೆಯುವ ಕೆಲಸ ಕೃಪಾಳದಾಗಿದೆ. ಹೋದ ಬೇಸಿಗೆಯಲ್ಲಿ ಕರುಣಮ್ಮ ತೀರಿಕೊಂಡರು. ಒಂದು ಪೆಟ್ಟು, ಅದು ಅಡಗಿದ ಮೇಲೆ ಇನ್ನೊಂದು. ಅದನ್ನೂ ಕೃಪಾಳೇ ಹೊಡೆದಳು, ಲೆಕ್ಕ ತಪ್ಪಲಿಲ್ಲ. ಮುಂದಿನ ಹೆಗಲು ನನ್ನದು ಮತ್ತು ಸ್ಯಾಮುವೇಲನದು, ಮೊದಲಿನಂತೆಯೇ. ಕರುಣಮ್ಮನನ್ನು ಇಳಿಸಿದ ಮೇಲೆ ಹಳೆಯ ಮಂಚದ ಕಾಲು ಬಿರುಕು ಬಿಟ್ಟದ್ದು ಕಂಡಿತು. ಹೊಸದು ಮಾಡಿಸೋಣ ಎಂದು ಸಭೆಯಲ್ಲಿ ಮಾತಾಯಿತು. ಒರಗು ಇಡಿಸಬೇಕೆಂದವನು ನಾನು. ಯಾಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಮೆಹಬೂಬ್ ಸಾಬರು ಚಹಾದ ಲೋಟ ಕೆಳಗಿಟ್ಟು, ಎಷ್ಟು ದಪ್ಪ, ಎಷ್ಟು ಎತ್ತರ ಬೇಕು ಎಂದರು. ನಾನು ಆ ಅಳತೆಯನ್ನು ತಂದಿರಲಿಲ್ಲ. ಮರುದಿನ ಕೃಪಾಳನ್ನು ಕರೆದುಕೊಂಡು ಹೋದೆ. ಅವಳು ಬಳೆ ಹಿಂದಕ್ಕೆ ಸರಿಸಿ, ಬಲಗೈಯನ್ನು ಹಲಗೆಯ ಮೇಲೆ ಅಡ್ಡಕ್ಕೆ ಚಾಚಿದಳು. ಇಷ್ಟು ಎಂದಳು. ಸಾಬರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವಳ ತೋಳಿನ ಎರಡೂ ಬದಿಗೆ ಗೆರೆ ಎಳೆದರು.

ಮಂಚ ಕುರುಗೋಡಿಗೆ ಬಂದ ವಾರ ಅಲ್ಲಿ ಯಾರೂ ಸಾಯಲಿಲ್ಲ. ಭಾನುವಾರ ಆರಾಧನೆಯ ಹೊತ್ತಿಗೆ ಸ್ಯಾಮುವೇಲ ಮತ್ತು ಇನ್ನೂ ಮೂವರು ಅದನ್ನು ಹೊತ್ತು ಯೋಸೇಫಪ್ಪನ ಮನೆಗೆ ಹೋದರು. ಕಾಲು ಸೋತಾಗಿನಿಂದ ಅವರು ಪಕ್ಕದ ಗುಡಿಗೂ ಬರಲಾಗದೆ ಕಿಟಕಿಯಿಂದಲೇ ಹಾಡು ಕೇಳುತ್ತಿದ್ದರು. ಕೃಪಾ ಹಗ್ಗ ಹಿಡಿದು ನಿಂತಿದ್ದಳು. ಬೇವಿನ ಮರದ ಕೆಳಗೆ ಮಂಚ ತೇಲಿ ಬಂತು. ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುದುಕ, ಒರಗಿಗೆ ತಲೆ ಆನಿಸಿ, ಮೊಮ್ಮಗನ ಮದುವೆಗೆ ಹೊರಟವರ ಹಾಗೆ ಕಾಲು ಚಾಚಿ ಒರಗಿದ್ದರು. ದಾರಿಯಲ್ಲಿ ನಿಂತವರಿಗೆಲ್ಲ ಕೈ ಎತ್ತಿ ವಂದನೆ ಹೇಳುತ್ತಿದ್ದರು. ಮಂಚ ಕಂಡ ಅಭ್ಯಾಸಕ್ಕೋ ಏನೋ, ಕೃಪಾಳ ಕೈಯಿಂದ ಒಂದೇ ಒಂದು ಪೆಟ್ಟು ಬಿದ್ದು ನಿಂತುಬಿಟ್ಟಿತು.

ಯೋಸೇಫಪ್ಪ ಒರಗಿನಿಂದ ತಲೆಯೆತ್ತಿ ಕೂಗಿದರು: "ಯಮ್ಮಾ, ನನ್ನಂಗ ಮಾಡಬ್ಯಾಡ. ಜಲ್ದಿ ಜಲ್ದಿ ಹೊಡಿ. ನಾ ಇನ್ನ ಅದೀನಿ."